ಪಟದ ಮುಂದಿನ ಗುಂಡು

ವಾರದಿಂದ ವತ್ಸಲೆಯನ್ನು ಒಂದು ಸಣ್ಣ ಅಳುಕು ಕೊರೆಯುತ್ತಿತ್ತು. ತನ್ನ ಮನಸ್ಸಿಗೆ ಬಿಟ್ಟು ಯಾರಿಗೂ ಅದನ್ನವಳು ಹೇಳಿರಲಿಲ್ಲ. ಮೇಜಿನ ಮೇಲಿನ ಗುಂಡುಪಿನ್ ಡಬ್ಬಿಯ ಬಾಯಿಗೆ ಆಯಸ್ಕಾಂತವಿತ್ತು. ಅರೆದು ತೆಗೆಯುವಾಗ ಚೆಲ್ಲಿದ ತಾಮ್ರದ ಪುಡಿ ಅದಕ್ಕೆ ಮೀಸೆಯಂತೆ ಅಂಟಿಕೊಂಡಿತ್ತು. ಶುದ್ಧ ತಾಮ್ರ ಆಯಸ್ಕಾಂತಕ್ಕೆ ಅಂಟುವುದುಂಟೇ? ಅವಳು ಸೆರಗಿನಿಂದ ಒರೆಸಿ ಸುಮ್ಮನಾಗಿದ್ದಳು.

ಎಂಬತ್ತೆಂಟರ ಕಾರ್ತೀಕ ಮಾಸ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ತಗಡಿನ ಶೆಡ್ಡಿನಲ್ಲಿ ಸೇತುರಾಮರ ಬಾಲ್ ಮಿಲ್ಲು ಗಡಗಡ ಉರುಳುತ್ತಿತ್ತು. ಉಕ್ಕಿನ ಪಾತ್ರೆ, ಒಳಗೆ ಉಕ್ಕಿನ ಗುಂಡುಗಳು, ಅವುಗಳ ನಡುವೆ ಸಿಕ್ಕಿ ಜಜ್ಜಿಹೋಗುವ ತಾಮ್ರದ ಪುಡಿ. ಜಜ್ಜಿದಷ್ಟೂ ಲೋಹದೊಳಗಿನ ಹರಳುಗಳು ಸಣ್ಣಗಾಗಿ, ಅವುಗಳ ನಡುವೆ ಗಡಿಗಳು ಹೆಚ್ಚುತ್ತವೆ. ಲೋಹವನ್ನು ಬಾಗಿಸುವ ಒಳಗಿನ ಜಾರಿಕೆಗೆ ಪ್ರತಿ ಗಡಿಯೂ ತಡೆ; ಗಡಿ ಹೆಚ್ಚಿದಷ್ಟೂ ಲೋಹ ಗಟ್ಟಿ.

"ವಠಾರ ಇದ್ದ ಹಾಗೆ ಕಣಮ್ಮ," ಎಂದಿದ್ದರು ಸೇತುರಾಮರು, ಅವಳು ಕೆಲಸಕ್ಕೆ ಸೇರಿದ ದಿನ. "ದೊಡ್ಡ ಹಜಾರದಲ್ಲಿ ಕಳ್ಳ ಸಲೀಸಾಗಿ ಓಡ್ತಾನೆ. ಅಡ್ಡಡ್ಡ ಗೋಡೆ ಎಬ್ಬಿಸು, ಎಲ್ಲಿಗ್ ಓಡ್ತಾನೆ?"

ಗೋವಿಂದರಾಜನಗರದ ವಠಾರದಲ್ಲೇ ಬೆಳೆದವಳಿಗೆ ಅದು ಥಟ್ಟನೆ ಅರ್ಥವಾಗಿತ್ತು. ಎಂ.ಎಸ್ಸಿ. ಮುಗಿಸಿ, ಹೋದ ಇಂಟರ್‌ವ್ಯೂಗಳಲ್ಲೆಲ್ಲ ಬಾಯಿಬಿಡದೆ ಎದ್ದು ಬಂದವಳನ್ನು "ಮಾತು ಯಾರಿಗ್ ಬೇಕು, ಕೆಲಸ ಶುದ್ಧವಾಗಿದ್ರೆ ಸಾಕು" ಎಂದು ಸೇರಿಸಿಕೊಂಡವರು ಅವರೊಬ್ಬರೇ.

ದಸರೆ ಕಳೆದ ಮೇಲೆ ಮಿಲ್ಲನ್ನು ಬಿಡುವಿಲ್ಲದೆ ಓಡಿಸಿದ್ದರು. ಆ ಪುಡಿಯನ್ನು ಒತ್ತಿ ಮಾಡಿದ ಬಿಲ್ಲೆ ನಂಬಲಾರದಷ್ಟು ಗಟ್ಟಿಯಾಗಿತ್ತು. "ಎಲ್ಲಾ ಗಡಿಗಳ ಮಹಿಮೆ!" ಎಂದು ಸೇತುರಾಮರು ಮಗುವಿನಂತೆ ನಕ್ಕಿದ್ದರು. ನಾಳೆ ದೆಹಲಿಯಿಂದ ಪರಿಶೀಲನೆಗೆ ಬರುವವರ ಕೈಗೆ ವರದಿ ಕೊಡಬೇಕು. ಅದರಲ್ಲಿ ಅವರ ಹೆಸರಿನ ಕೆಳಗೆ ಅವಳ ಹೆಸರೂ ಇತ್ತು.

ಹೊಸ ಗುಂಡುಗಳು ಬಂದರೆ ಒಂದನ್ನು ಚಾಮುಂಡಿಯ ಪಟದ ಮುಂದಿಟ್ಟು ಕುಂಕುಮ ಹಚ್ಚುವುದು ಫಿಟ್ಟರ್ ಬೈರಪ್ಪನ ಪದ್ಧತಿ. ವತ್ಸಲೆ ಆಯುಧಪೂಜೆಯಂದು ಹಾಗಿಟ್ಟಿದ್ದ ಗುಂಡನ್ನು ಎತ್ತಿಕೊಂಡು, ಆಗತಾನೆ ತೊಳೆದಿಟ್ಟಿದ್ದ, ಹಿಂದಿನ ಸರದಿಯಲ್ಲಿ ಮಿಲ್ಲಿನಲ್ಲಿ ಉರುಳಿ ಬಂದ ಗುಂಡೊಂದರ ಪಕ್ಕ ಹಿಡಿದಳು.

"ಏನಮ್ಮಾ, ದೇವ್ರ ಗುಂಡಿಗೇ ಕೈ ಹಾಕ್ಬಿಟ್ರಾ?" ಎಂದ ಬೈರಪ್ಪ.

"ಇದು... ದಪ್ಪ ಇದೆ."

"ಇರ್ದೆ ಏನು! ಅದಕ್ಕೆ ಕೂತಲ್ಲೇ ಪೂಜೆ. ಉಳಿದವು ದುಡ್ದು ದುಡ್ದು ಸೊರಗವೆ, ನನ್ ಥರ."

ಅವನು ನಕ್ಕು ಹೊರಗೆ ಬೀಡಿ ಸೇದಲು ಹೋದ. ಅವಳು ಎರಡೂ ಗುಂಡುಗಳನ್ನು ಮತ್ತೆ ಹೋಲಿಸಿ ನೋಡಿದಳು. ಸವೆದ ಉಕ್ಕು ಬೇರೆಲ್ಲಿಗೂ ಹೋಗಿರಲಿಲ್ಲ.

ಅಷ್ಟರಲ್ಲಿ ಸೇತುರಾಮರು ಒಳಗೆ ಬಂದರು. ನಾಳೆಗೆಂದು ಹೇರ್ ಕಟ್ ಮಾಡಿಸಿಕೊಂಡಿದ್ದರು. ಬೋಳಾದ ಕುತ್ತಿಗೆ ಅವರನ್ನು ಇನ್ನೂ ವಯಸ್ಸಾದವರಂತೆ ಕಾಣಿಸಿತು.

"ಗಡಿ ವಿಷಯ ನಾಳೆ ನೀನೇ ವಿವರಿಸ್ಬೇಕು ಕಣಮ್ಮ. ನಾಚ್ಕೋಬೇಡ, ಆಯ್ತಾ?"

ಅವಳ ತುಟಿ ಅಲುಗಿತು.

"ಏನಂದೆ? ಈ ಗಲಾಟೇಲಿ ಒಂದೂ ಕೇಳಿಸ್ತಿಲ್ಲ."

ಏನಿಲ್ಲ ಎಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಇಷ್ಟು ದಿನ ಅವಳು ಬದುಕಿದ್ದೇ ಹಾಗೆ. ಆ ಗಡಗಡ ಸದ್ದು ಅವಳಿಗೆ ಹೊದಿಕೆಯಾಗಿತ್ತು. ಸೇತುರಾಮರ ನಗುಮುಖ ಇನ್ನೂ ಅವಳ ಕಡೆಗೇ ಇತ್ತು. ವತ್ಸಲೆ ಗೋಡೆಯ ಬಳಿ ಹೋಗಿ ಮಿಲ್ಲಿನ ಸ್ವಿಚ್ಚು ಆರಿಸಿದಳು. ಗುಂಡುಗಳು ಒಂದರ ಮೇಲೊಂದು ಉರುಳಿ ನಿಂತವು.

"ಸಾರ್," ಎಂದಳು, "ಈ ಪುಡಿ ಬರೀ ತಾಮ್ರ ಅಲ್ಲ. ನಮ್ಮ ಗುಂಡುಗಳ ಕಬ್ಬಿಣ ಇದ್ರಲ್ಲಿ ಸೇರ್ಕೊಂಡಿದೆ. ಬಿಲ್ಲೆ ಗಟ್ಟಿಯಾಗಿದ್ದು ಬರೀ ಗಡಿಗಳಿಂದಲ್ಲ."