ಕೂತಲ್ಲೇ ಸಿಗುವ ಮನುಷ್ಯ

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಜನ ಆಡಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅದು ನಿಜ. ಫಲಕದ ಕೆಳಗೇ ನಿಂತು, ಫಲಕದಲ್ಲಿ ಬರೆದಿರುವುದನ್ನೇ ಕೇಳುವವರಿಗೆ ಎಷ್ಟು ದಿನ ಅಂತ ನಗುನಗುತ್ತಾ ಉತ್ತರ ಕೊಡಲಿ? ಆದರೆ ನಮ್ಮಣ್ಣ ವಾರ್ಡಿನ ಚುನಾವಣೆಗೆ ನಿಲ್ಲುತ್ತೇನೆ ಎಂದಾಗ ನನಗೆ ಬಂದದ್ದು ಸಿಟ್ಟಲ್ಲ, ಭಯ.

ಅಣ್ಣನಿಗೆ ನಿಲ್ಲಲು ಆಗುವುದಿಲ್ಲ. ತೊದಲು ಮಾತಾಡುವ ವಯಸ್ಸಿನಲ್ಲಿ ಬಂದ ಜ್ವರವೊಂದು ಅವನ ಎರಡೂ ಕಾಲುಗಳ ಬಲವನ್ನು ತೆಗೆದುಕೊಂಡು ಹೋಯಿತು. ಕೈಯಿಂದ ತಿರುಗಿಸುವ ಮೂರು ಗಾಲಿಯ ಗಾಡಿಯಲ್ಲಿ ಓಡಾಡುತ್ತಾನೆ. ಬೀದಿಯ ಮೂಲೆಯಲ್ಲಿ ಅವನ ರಿಪೇರಿ ಅಂಗಡಿ; ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ. ಅಲ್ಲಿ ಮೇಜಿನ ಕಾಲುಗಳನ್ನು ಕತ್ತರಿಸಿ ಗಿಡ್ಡ ಮಾಡಿದ್ದಾನೆ, ಸ್ಕ್ರೂಡ್ರೈವರುಗಳೆಲ್ಲ ಕೂತವನ ಕೈಗೆ ಎಟುಕುವ ಎತ್ತರದಲ್ಲಿ ನೇತಾಡುತ್ತವೆ. ಒಳಗೆ ಹೋದವರೇ ಬಗ್ಗಬೇಕು. ಸುಟ್ಟ ತಾಮ್ರದ ತಂತಿಯ ವಾಸನೆ ಅವನ ಅಂಗಿಗಳಿಂದ ಎಷ್ಟು ಒಗೆದರೂ ಹೋಗುವುದಿಲ್ಲ.

ಅವನು ಸಹಿಸದ ಸಂಗತಿ ಒಂದೇ, ಯಾರಾದರೂ ತನ್ನನ್ನು ಎತ್ತುವುದು. ನಮ್ಮ ಬೀದಿಗೆ ಕುಡಿಯುವ ನೀರು ಸರಿಯಾಗಿ ಬರುತ್ತಿಲ್ಲ ಎಂದು ದೂರು ಕೊಡಲು ಅವನು ವಾರ್ಡ್ ಕಚೇರಿಗೆ ಅಲೆಯುತ್ತಿದ್ದ. ಅಧಿಕಾರಿ ಕೂರುವುದು ಮಹಡಿಯ ಮೇಲೆ. ಜವಾನರು ಪ್ರತಿ ಸಲ “ಬನ್ನಿ ಸಾರ್, ಎತ್ಕೊಂಡು ಹೋಗ್ತೀವಿ” ಎನ್ನುತ್ತಿದ್ದರು. ಇವನು “ನಾನೇನು ಗೋಣಿಚೀಲಾನಾ? ಅವರಿಗೇ ಇಳಿದು ಬರೋಕೆ ಹೇಳಿ” ಎಂದು ಮೆಟ್ಟಿಲ ಬುಡದಲ್ಲೇ ಕೂತು ಮೇಲಕ್ಕೆ ಕೂಗುತ್ತಿದ್ದ. ಅಧಿಕಾರಿ ಗೊಣಗುತ್ತಾ ಇಳಿದು ಬರುತ್ತಿದ್ದರು. ನೀರು ಮಾತ್ರ ಬರಲಿಲ್ಲ. ನಮ್ಮ ವಾರ್ಡಿನ ಸದಸ್ಯರಂತೂ ಗೆದ್ದ ಮೇಲೆ ಕಣ್ಣಿಗೇ ಬಿದ್ದಿರಲಿಲ್ಲ. ಕೊನೆಗೆ ಅಣ್ಣ ತಾನೇ ನಿಂತ.

ಊಟಕ್ಕೆ ಕೂತಾಗ ನನಗೂ ಅಮ್ಮನಿಗೂ ಒಂದು ಕರಾರು ಹಾಕಿದ.

“ಪಾಪ ಅನ್ನೋ ಮಾತು ಯಾರ ಬಾಯಲ್ಲೂ ಬರಕೂಡದು. ಕೆಲಸ ಮಾಡ್ತಾನೆ ಅಂತ ವೋಟು ಹಾಕಿದ್ರೆ ಹಾಕಲಿ. ಪಾಪ ಅಂತ ಹಾಕೋ ವೋಟು ನನಗೆ ಬೇಡ. ಅದಕ್ಕಿಂತ ಸೋತು ಮನೇಲಿರ್ತೀನಿ.”

“ಆಯ್ತಪ್ಪ,” ಎಂದರು ಅಮ್ಮ. ಅವರ ಕಣ್ಣು ತಟ್ಟೆಯ ಮೇಲಿತ್ತು.

ಅಮ್ಮನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅವರು ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ನಮ್ಮ ವಾರ್ಡಿನ ಅರ್ಧಕ್ಕರ್ಧ ಮಕ್ಕಳ ಮೊದಲ ಸ್ನಾನ ಅವರ ಕೈಯಲ್ಲೇ ಆದದ್ದು. ಅಲ್ಲಿ ಹುಟ್ಟಿದ ಎಲ್ಲ ಮಕ್ಕಳೂ ಅವರಿಗೆ ಪಾಪುಗಳೇ. ಮನೆಯಲ್ಲಿ ಅಣ್ಣನೂ ಪಾಪುವೇ. ಅವನಿಗೆ ಮೀಸೆ ಮೂಡುವ ಕಾಲಕ್ಕೆ ಬೀದಿಯ ಹುಡುಗರು ಆ ಹೆಸರಿನ ಬಾಲ ಕತ್ತರಿಸಿ “ಪಾಪ, ಪಾಪ” ಎಂದು ಅಣಕಿಸತೊಡಗಿದರು. ಅವತ್ತು ಅಣ್ಣ ಮನೆಗೆ ಬಂದು, ಇನ್ನು ಆ ಹೆಸರು ಹಿಡಿದು ಕರೆದರೆ ಓಗೊಡುವುದಿಲ್ಲ ಎಂದ. ಅಮ್ಮ ಕರೆಯುವುದನ್ನು ನಿಲ್ಲಿಸಿದರು. ಅವನು ಮನೆಯಲ್ಲಿ ಇಲ್ಲದಾಗ ಮಾತ್ರ, “ಪಾಪು ಇನ್ನೂ ಬರಲಿಲ್ವಲ್ಲೇ” ಎಂದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು.

ಪ್ರಚಾರ ಶುರುವಾದ ಮೊದಲ ವಾರವೇ ಎದುರಾಳಿಯ ಕಡೆಯವರು ಮೈಕಿನಲ್ಲಿ, “ನಿಲ್ಲೋಕೇ ಆಗದವರು ನಿಂತಿದ್ದಾರಂತೆ, ಕೇಳಿದ್ರಾ?” ಎಂದು ಕೂಗಿಕೊಂಡು ಹೋದರು. ನನ್ನ ಮೈ ಉರಿದುಹೋಯಿತು. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಿದ್ದೆ. ಅಣ್ಣ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಯ್ಯೋ, ಎಂಥಾ ಮಾತು ಪುಕ್ಕಟೆ ಕೊಟ್ರು ನೋಡೇ! ಮೈಕು ಎಲ್ಲಿ?”

ಆ ಸಂಜೆಯೇ ನಮ್ಮ ಬಾಡಿಗೆ ಆಟೋ ಹೊರಟಿತು. ದಿನವೂ ಬಸ್ಸಿನ ಹೆಸರು ಕೂಗುವ ಗಂಟಲು ನನ್ನದು, ಬೇರೆ ಯಾರನ್ನೂ ಹುಡುಕಬೇಕಾಗಿರಲಿಲ್ಲ. ಅಣ್ಣ ಹೇಳಿಕೊಟ್ಟಿದ್ದನ್ನೇ ಕೂಗಿದೆ. “ನಿಂತು ಗೆದ್ದವರು ಆಮೇಲೆ ಎಲ್ಲಿದ್ದಾರೆ? ಇವರು ನಿಲ್ಲೋರಲ್ಲ, ಕೂರೋರು. ನೀವು ಯಾವಾಗ ಬಂದರೂ ಅಂಗಡಿಯಲ್ಲೇ ಕೂತಿರ್ತಾರೆ. ಕೂತಲ್ಲೇ ಸಿಗುವ ಮನುಷ್ಯ! ನಮ್ಮ ಗುರುತು ಕುರ್ಚಿ!” ಜನ ಬಾಗಿಲಿಗೆ ಬಂದು ನಕ್ಕರು. ಮರುದಿನ ಅಂಗಡಿಗೆ ಬಂದವರು ಕೆಟ್ಟ ಮಿಕ್ಸಿಯನ್ನು ಪಕ್ಕಕ್ಕಿಟ್ಟು ನೀರಿನ ಮಾತಾಡಿದರು. ಅಣ್ಣ ಹಳೆಯ ಪೈಪು ಎಲ್ಲಿ ಒಡೆದಿದೆ, ಯಾವ ವಾಲ್ವು ತಿರುಗಿಸಿದರೆ ಯಾವ ಬೀದಿಗೆ ನೀರು ನಿಲ್ಲುತ್ತದೆ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದ. ಆ ದಿನಗಳಲ್ಲಿ ಅವನ ಮುಖ ನೋಡಬೇಕಿತ್ತು. ಇವನು ಗೆಲ್ಲದಿದ್ದರೂ ಪರವಾಗಿಲ್ಲ, ಹೀಗೇ ಇದ್ದರೆ ಸಾಕು ಎಂದು ನನಗೆ ಎಷ್ಟೋ ಸಲ ಅನ್ನಿಸಿತು.

ಅಮ್ಮ ನಮ್ಮ ಜೊತೆ ಆಟೋ ಹತ್ತಲಿಲ್ಲ. “ನನಗೆ ಮೈಕು ಗೀಕು ಆಗಲ್ಲ. ಗೊತ್ತಿರೋ ಮನೆಗಳಿಗೆ ಹೋಗಿ ಬರ್ತೀನಿ” ಎಂದು ಮಧ್ಯಾಹ್ನದ ಹೊತ್ತು ಒಬ್ಬರೇ ಹೊರಡುತ್ತಿದ್ದರು. ಮಂಡಿನೋವಿದ್ದ ಹೆಂಗಸು. ಹೋದಲ್ಲಿ ಏನು ಹೇಳುತ್ತಾರೆ ಎಂದು ನಾವು ಕೇಳಲಿಲ್ಲ. ಅಮ್ಮ ಅಲ್ಲವೇ, ಏನು ಹೇಳಿಯಾರು?

ಅಣ್ಣ ಗೆದ್ದ. ಕೂದಲೆಳೆಯ ಗೆಲುವು, ನಮ್ಮ ಹಿಂದಿನ ಬೀದಿಯೊಂದು ಆ ಕಡೆ ವಾಲಿದ್ದರೆ ಸೋಲುತ್ತಿದ್ದ. ಅಂಗಡಿಯ ಮುಂದೆ ಜನವೋ ಜನ. ಯಾರೋ ಉತ್ಸಾಹದಲ್ಲಿ ಅವನನ್ನು ಹೆಗಲ ಮೇಲೆ ಎತ್ತಲು ಬಂದರು. “ಗಾಡಿ ಇದೆ ಮಾರಾಯ, ನಿನ್ನ ಹೆಗಲಿಗಿಂತ ಚೆನ್ನಾಗಿದೆ” ಎಂದು ನಗಿಸಿ ಕಳಿಸಿದ. ಅಷ್ಟರಲ್ಲಿ ಹಿಂದಿನ ಬೀದಿಯ ಅಜ್ಜಿಯೊಬ್ಬರು ಜನರನ್ನು ಸರಿಸಿಕೊಂಡು ಬಂದು ಅವನ ಕೆನ್ನೆ ಸವರಿದರು.

“ನಿಮ್ಮಮ್ಮ ಬಂದು ಕೇಳಿದ್ಲಪ್ಪ. ಪಾಪ, ನನ್ನ ಮಗನ್ನ ಎತ್ಕೊಳ್ಳಿ ಅಂತ. ಯಾರಿಗೆ ಕರುಳು ಚುರುಕ್ ಅನ್ನಲ್ಲ ಹೇಳು? ನಮ್ಮ ಮನೆಯವರೆಲ್ಲ ನಿನಗೇ ಒತ್ತಿದ್ದು. ನಮ್ಮ ಸಾಲಲ್ಲಿ ಎಲ್ಲರಿಗೂ ನಾನೇ ಹೇಳ್ದೆ, ಪಾಪ ಕಣ್ರೇ ಆ ಹುಡುಗ ಅಂತ.”

ಅಣ್ಣ ನಗುತ್ತಲೇ ಇದ್ದ. ಆದರೆ ಗಾಡಿಯ ಹಿಡಿಯ ಮೇಲಿದ್ದ ಅವನ ಕೈ ಬಿಗಿಯಾದದ್ದು ನನಗೆ ಕಂಡಿತು. ಅಜ್ಜಿಗೆ “ಒಳ್ಳೇದಮ್ಮ” ಎಂದು ಹೇಳಿ, ಜನರನ್ನೆಲ್ಲ ಬಿಟ್ಟು, ಗಾಡಿ ತಿರುಗಿಸಿಕೊಂಡು ಸೀದಾ ಮನೆಗೆ ಹೊರಟ. ಹಿಂದೆ ಓಡಿದರೂ ನನಗೆ ಅವನನ್ನು ಹಿಡಿಯಲು ಆಗಲಿಲ್ಲ.

ನಾನು ಒಳಗೆ ಕಾಲಿಡುವ ಹೊತ್ತಿಗೆ ಅಮ್ಮ ಅಡುಗೆಮನೆಯ ಗೋಡೆಗೆ ಒರಗಿ ನಿಂತಿದ್ದರು.

“ಪಾಪ ಅಂದ್ಯಾ ಇಲ್ವಾ? ಅಷ್ಟು ಹೇಳು.”

“ಇಲ್ಲ ಕಣಪ್ಪ. ಪಾಪು ಅಂದೆ. ನಿಮ್ಮ ಪಾಪುನ ನಾನು ಎತ್ಕೊಂಡಿದ್ದೆ, ಈಗ ನನ್ನ ಪಾಪುನ ನೀವು ಎತ್ಕೊಳ್ಳಿ ಅಂದೆ. ಅಷ್ಟೇ ಅಂದಿದ್ದು.”

“ಎತ್ಕೊಳ್ಳಿ ಅಂದ್ಯಾ?”

ಅಮ್ಮನಿಗೆ ಆಗಷ್ಟೇ ಅರ್ಥವಾಯಿತು ಎಂದು ಕಾಣುತ್ತದೆ. ಇಡೀ ಜೀವಮಾನ ಎತ್ತಿಕೊಳ್ಳುವುದೇ ಕೆಲಸವಾಗಿದ್ದವರು. ಆ ಮಾತಿನಲ್ಲಿ ಮುಳ್ಳಿರಬಹುದು ಎಂದು ಅವರಿಗೆ ಹೇಗೆ ಹೊಳೆಯಬೇಕು?

“ಹಾಗಾದ್ರೆ ಗೆದ್ದಿದ್ದು ನೀನು,” ಎಂದ ಅಣ್ಣ. ದನಿ ಎತ್ತರಿಸಲಿಲ್ಲ. ಎತ್ತರಿಸಿದ್ದರೆ ಚೆನ್ನಾಗಿತ್ತು. “ನಾನು ಪೈಪು, ವಾಲ್ವು ಅಂತ ಬಡ್ಕೊಂಡಿದ್ದೆಲ್ಲ ತಮಾಷೆ. ನೀನೇ ಹೋಗಿ ಕೂತ್ಕೋ ಆ ಕುರ್ಚಿ ಮೇಲೆ.”

ತನ್ನ ಬಟ್ಟೆಗಳನ್ನು ಮಡಿಲಲ್ಲಿ ಹಾಕಿಕೊಂಡು ಅಂಗಡಿಗೆ ಹೋದ. ಅಲ್ಲೇ ಹಿಂದಿನ ಗೂಡಿನಂಥ ಕೋಣೆಯಲ್ಲಿ ಮಲಗತೊಡಗಿದ. ನಾಲ್ಕು ದಿನ ಮುನಿಸಿಕೊಂಡು ಬರುತ್ತಾನೆ ಎಂದುಕೊಂಡೆ. ಬರಲಿಲ್ಲ.

ನಾನು ಸುಮ್ಮನೆ ಕೂರುವವಳಲ್ಲ. ಆ ಅಜ್ಜಿಯ ಮನೆಗೇ ಹೋಗಿ ಅವರ ಸೊಸೆಯನ್ನು ಕೇಳಿದೆ. “ಪಾಪು ಅಂತಲೇ ಅಂದ್ರು ಕಣ್ರೀ. ನಾನು ಅಲ್ಲೇ ಇದ್ದೆ. ನಮ್ಮತ್ತೆಗೆ ಕಿವಿ ಮಂದ” ಎಂದಳು. ಓಡಿ ಬಂದು ಅಣ್ಣನಿಗೆ ಹೇಳಿದೆ. ಅವನು ಫ್ಯಾನಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ, ತಲೆ ಎತ್ತಲಿಲ್ಲ.

“ಅಮ್ಮ ಸುಳ್ಳು ಹೇಳಲ್ಲ ಅಂತ ನನಗೆ ಗೊತ್ತಿಲ್ವಾ? ಅವಳು ಹೇಳಿದ್ದು ಏನಾದ್ರೂ ಇರಲಿ. ವೋಟು ಬಿದ್ದಿದ್ದು ಯಾವುದಕ್ಕೆ?”

“ಯಾವುದಕ್ಕಾದ್ರೂ ಬೀಳಲಿ! ಅವಳ ತಪ್ಪೇನೋ ಇದರಲ್ಲಿ? ಕಲ್ಲು ಕಣೋ ನೀನು!”

“ಇನ್ನು ಯಾರು ನನ್ನ ಮುಖ ನೋಡಿ ನಕ್ಕರೂ ಇವರು ಯಾಕೆ ಹಾಕಿರಬಹುದು ಅಂತಲೇ ಅನ್ನಿಸುತ್ತೆ ಕಣೇ. ಈ ಜನ್ಮದಲ್ಲಿ ಒಂದು ಸಲ ನನ್ನ ಕೆಲಸ ನೋಡಿ ಯಾರಾದ್ರೂ ನನ್ನನ್ನ ಆರಿಸಲಿ ಅಂತ ಇತ್ತು. ಒಂದೇ ಒಂದು ಸಲ.” ಸ್ವಲ್ಪ ಹೊತ್ತು ತಂತಿ ಸುತ್ತಿದ. “ಅವಳನ್ನ ನೋಡಿದ್ರೆ ಅದೇ ನೆನಪಾಗುತ್ತೆ. ನಾನೇನು ಮಾಡಲಿ?”

ಅವನ ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲು ಕೈಯೆಲ್ಲ ಗ್ರೀಸು.

ಕೆಲಸ ಮಾತ್ರ ರಾಕ್ಷಸನಂತೆ ಮಾಡಿದ. ವಾರ್ಡಿನ ಸಭೆಯನ್ನು ಕಚೇರಿಯ ಕೆಳ ಅಂತಸ್ತಿಗೆ ಇಳಿಸಿದ. ಪೈಪು ಅಗೆಸಿದ, ನೀರು ಬಂತು. ಮನೆ ಮನೆಯಲ್ಲೂ ನಲ್ಲಿ ಸುರಿಯುವಾಗ ಜನ ಹೊಗಳಿದರು, ಅವನಿಗೆ ಒಂದು ಹೊಗಳಿಕೆಯೂ ತಾಗಲಿಲ್ಲ. ನಮ್ಮ ಮನೆಯ ನಲ್ಲಿಯಲ್ಲಿ ಮೊದಲ ಸಲ ನೀರು ರಭಸದಿಂದ ಬಂದಾಗ ಅಮ್ಮ ಅದರ ಕೆಳಗೆ ಕೈ ಒಡ್ಡಿ ಸುಮ್ಮನೆ ನಿಂತುಬಿಟ್ಟರು. ಪಾತ್ರೆ ಇಡಿ ಎಂದು ನಾನು ರೇಗಿದೆ. ರೇಗಿದ್ದು ಅವರ ಮೇಲಲ್ಲ.

ಅಮ್ಮ ಅವನಿಗೆ ಊಟ ಕಟ್ಟಿ ನನ್ನ ಕೈಯಲ್ಲಿ ಕಳಿಸುತ್ತಿದ್ದರು. ಅವನು ಉಣ್ಣುತ್ತಿದ್ದ, ಡಬ್ಬಿ ತೊಳೆದು ಕೊಡುತ್ತಿದ್ದ. ಅಮ್ಮ ಡಬ್ಬಿಯ ಮುಚ್ಚಳ ತೆಗೆದು ನೋಡಿ, “ತಿಂದಿದಾನೆ” ಎನ್ನುತ್ತಿದ್ದರು. ತಾವೇ ಯಾಕೆ ಹೋಗಬಾರದು ಎಂದು ಕೇಳಿದರೆ, “ಏನಂತ ಕರೀಲೇ? ಯಾವ ಹೆಸರು ಹಿಡಿದು ಕರೆದ್ರೆ ಅವನಿಗೆ ನೋವಾಗಲ್ಲ, ನೀನೇ ಹೇಳು” ಎನ್ನುತ್ತಿದ್ದರು. ಹೆತ್ತ ಮಗನನ್ನು ಕರೆಯಲು ಅವರ ಬಳಿ ಒಂದು ಮಾತೂ ಉಳಿದಿರಲಿಲ್ಲ.

ಒಂದು ಬೆಳಿಗ್ಗೆ ನನಗೆ ರಜೆ. ಅಂಗಡಿಯಲ್ಲಿ ಧೂಳು ಹೊಡೆಯುತ್ತಿದ್ದೆ. ಎಂದಿನಂತೆ ದೂರು ಹೇಳುವವರು ಬಾಗಿಲಿಂದ ರಸ್ತೆಯವರೆಗೆ ಸಾಲು ನಿಂತಿದ್ದರು. ನೋಡುತ್ತೇನೆ, ಆ ಸಾಲಿನಲ್ಲಿ ಅಮ್ಮ. ಮದುವೆ ಮನೆಗೆ ಹೋಗುವಾಗ ಉಡುವ ಬಟ್ಟೆ ಉಟ್ಟಿದ್ದಾರೆ, ತಲೆ ನೀಟಾಗಿ ಬಾಚಿದ್ದಾರೆ. ಮುಂದಿದ್ದ ಹೆಂಗಸು ಕಸದ ಗಾಡಿ ಬರುತ್ತಿಲ್ಲ ಎಂದಳು. ಅಣ್ಣ ಬಗ್ಗಿಸಿದ ತಲೆಯನ್ನು ಎತ್ತದೆ, “ಆಯ್ತಮ್ಮ, ಹೇಳ್ತೀನಿ” ಎಂದ. ಅವಳು ಸರಿದಳು. ಅಮ್ಮ ಮುಂದೆ ಬಂದು, ಆ ಗಿಡ್ಡ ಮೇಜಿನ ಮುಂದೆ ಮಂಡಿನೋವಿನಲ್ಲೇ ಬಗ್ಗಿ ನಿಂತರು.

“ಸದಸ್ಯರೇ,” ಎಂದರು. ನನ್ನ ಕೈಲಿದ್ದ ಧೂಳಿನ ಬಟ್ಟೆ ಹಾಗೇ ನಿಂತಿತು. “ನಮ್ಮ ಬೀದಿ ದೀಪ ಉರೀತಾ ಇಲ್ಲ. ಸ್ವಲ್ಪ ನೋಡ್ತೀರಾ?”

ಅಣ್ಣ ತಲೆ ಎತ್ತಿದ. ಕೈಯಲ್ಲಿದ್ದ ಸ್ಕ್ರೂ ಮೇಜಿನ ಮೇಲೆ ಉರುಳಿಹೋಯಿತು. ಅವನು ಅಮ್ಮನ ಮುಖ ನೋಡಿದ, ಅವರ ಹಿಂದೆ ಕಾಯುತ್ತಿದ್ದ ಜನರನ್ನು ನೋಡಿದ. ಈಗ ಕರಗುತ್ತಾನೆ, ಈಗ ಕರಗುತ್ತಾನೆ ಎಂದು ನಾನು ಕಾದೆ. ಅವನ ತುಟಿ ಅಲುಗಿತು. ಮತ್ತೆ ತಲೆ ಬಗ್ಗಿಸಿ ಸ್ಕ್ರೂ ಹುಡುಕತೊಡಗಿದ.

“ಆಯ್ತಮ್ಮ, ಹೇಳ್ತೀನಿ,” ಎಂದ.

ಮುಂದಿನವರು ಬಂದರು. ನಾನು ಧೂಳಿನ ಬಟ್ಟೆ ಎಸೆದು ಅಮ್ಮನ ಹಿಂದೆ ಓಡಿದೆ. ಅಳುತ್ತಿರುತ್ತಾರೆ, ಹಿಡಿದುಕೊಳ್ಳಬೇಕು ಎಂದುಕೊಂಡಿದ್ದೆ. ಅವರು ಬೇಗಬೇಗ ಹೆಜ್ಜೆ ಹಾಕುತ್ತಿದ್ದರು, ಮುಖವೆಲ್ಲ ಅರಳಿತ್ತು.

“ಕೇಳಿಸ್ಕೊಂಡ್ಯಾ? ಅಮ್ಮ ಅಂದ!”

ಅವನು ಬಂದವರಿಗೆಲ್ಲ ಹಾಗೇ ಅನ್ನುತ್ತಾನೆ ಎಂದು ಹೇಳಲು ಬಾಯಿ ತೆರೆದೆ. ಕಿಟಕಿಯ ಮುಂದೆ ನಿಂತ ಯಾರಿಗೂ ಮುಲಾಜಿಲ್ಲದೆ ಉತ್ತರ ಕೊಡುವವಳು ನಾನು. ಆದರೂ “ಹೂಂ, ಕೇಳಿಸ್ತು” ಎಂದಷ್ಟೇ ಹೇಳಿದೆ. ಅಮ್ಮ ನನ್ನ ತೋಳು ಹಿಡಿದು, ನಮ್ಮ ಬೀದಿಯ ಉದ್ದಕ್ಕೂ ಆ ಬದಿ ಈ ಬದಿ ಕಣ್ಣಾಡಿಸುತ್ತಾ ನಡೆದರು.

“ನೋಡೇ, ಇಲ್ಲಿ ಇನ್ನೇನೇನು ಕೆಟ್ಟಿದೆ?”