ನಡುಮನೆಯ ಸರ್ವರ್

ಮೈದುನ ಸರ್ವರಿನ ಪ್ಲಗ್ ಕಿತ್ತು, ಅದೇ ಜಾಗಕ್ಕೆ ಫ್ರೀಜರ್ ಪೆಟ್ಟಿಗೆಯ ಪ್ಲಗ್ ತುರುಕಿದ. ಎರಡನ್ನೂ ಒಟ್ಟಿಗೆ ಹಾಕಿ ನೋಡಿದಾಗ ಮನೆಯ ಫ್ಯೂಸೇ ಹಾರಿತ್ತು. ಪೆಟ್ಟಿಗೆಯೊಳಗೆ ಅವನ ಅಣ್ಣ ಮಲಗಿದ್ದ. ಮೂರು ವರ್ಷದಿಂದ ನಡುಮನೆಯ ಮೂಲೆಯಲ್ಲಿ ಗುಂಯ್‌ಗುಡುತ್ತಿದ್ದ ಕಪ್ಪು ಯಂತ್ರ ಬಾಯಿ ಮುಚ್ಚಿತು.

"ಸಂಜೆ ನಾಲ್ಕಕ್ಕೆ ಅಕ್ಕನ ಬಸ್ಸು ಬರುತ್ತೆ ಅತ್ತಿಗೆ. ಅಲ್ಲೀತನಕ ಇದು ತಣ್ಣಗಿರ್ಬೇಕು."

ಸತ್ತವನ ಹೆಂಡತಿ ತಲೆಯಾಡಿಸಿದಳು.

ಸ್ವಲ್ಪ ಹೊತ್ತಿಗೆ, ಮರದ ಬಾಗಿಲು ತಯಾರಿಸುವ ಕಾರ್ಖಾನೆಯ ಮ್ಯಾನೇಜರ್ ಮೂವರು ನೌಕರರೊಂದಿಗೆ ಬಂದ. ಅವಳ ಗಂಡ ಇಪ್ಪತ್ತೆರಡು ವರ್ಷ ಅಲ್ಲಿನ ಕಂಪ್ಯೂಟರ್ ನೋಡಿಕೊಂಡಿದ್ದ. ಎಲ್ಲರ ಬಾಯಲ್ಲೂ ಅವನು ಕಂಪ್ಯೂಟರಪ್ಪ. ಮ್ಯಾನೇಜರ್ ಪೆಟ್ಟಿಗೆಯ ಕಡೆ ಅರೆಗಣ್ಣು ಹಾಯಿಸಿ ನೇರ ಮೂಲೆಗೆ ನಡೆದ.

"ಅಯ್ಯೋ, ಇದ್ಯಾಕೆ ಆಫ್ ಆಗಿದೆ? ಅಲ್ಲಿ ಆರ್ಡರೆಲ್ಲ ನಿಂತ್ಹೋಗಿದೆ!"

"ಮನೇಲಿ ಸಾವಾಗಿದೆ," ಎಂದಳು ಅವಳು.

"ಗೊತ್ತಮ್ಮ, ಪಾಪ, ದೇವರಂಥ ಮನುಷ್ಯ. ಈಗೊಂದು ಎರಡು ಗಂಟೆ ಆ ಪೆಟ್ಟಿಗೆ ಆಫ್ ಮಾಡಿದ್ರೆ ಏನೂ ಆಗಲ್ಲ. ಬೇಕಾದ್ರೆ ಐಸ್ ತರಿಸ್ತೀನಿ."

ಮೀನಿಗೆ ಐಸ್ ಹಾಕುವ ಮಾತಿನಂತೆ ಆಡಿಬಿಟ್ಟಿದ್ದ ಮಹಾನುಭಾವ.

*

ಮೂರು ವರ್ಷದ ಹಿಂದೆ ಈ ಮಹಾನುಭಾವನಿಗೆ ದೊಡ್ಡ ಕೋಣೆ ಬೇಕಾಗಿತ್ತು. ಸರ್ವರ್ ರೂಮ್ ಖಾಲಿ ಮಾಡಿ ಎಂದ. ಕಾರ್ಖಾನೆ ನಡೆಸುತ್ತಿದ್ದ ಆರು ಕಂಪ್ಯೂಟರ್‌ಗಳೂ ವರ್ಚುವಲ್ ಮೆಷಿನ್‌ಗಳು. ಅಂದರೆ ಡಿಸ್ಕಿನಲ್ಲಿ ಬರೀ ಫೈಲುಗಳಾಗಿ ಇರುವಂಥವು, ಎತ್ತಿ ಬೇರೊಂದು ಯಂತ್ರದೊಳಗೆ ಕೂರಿಸಬಹುದು.

"ನಿಮ್ಮ ಮನೇಲಿ ಸ್ವಲ್ಪ ದಿನ ಇಟ್ಕೊಳ್ರೀ."

"ಹೊಸ ಜಾಗದಲ್ಲಿ ಒಂದು ವಾರ ಓಡ್ಲಿ ಸಾರ್, ಆಮೇಲೆ ಹಳೇದು ಅಳಿಸೋಣ," ಎಂದು ಅವಳ ಗಂಡ ಅಂಗಲಾಚಿದ. ಆ ಒಂದು ವಾರದ ವಿಷಯದಲ್ಲಿ ಅವನು ಬಲು ಕಟ್ಟುನಿಟ್ಟು.

"ಗುಜರಿಯವನು ಕೆಳಗೆ ಕಾಯ್ತಿದಾನೆ. ಇವತ್ತೇ ತಗೊಂಡ್ಹೋಗಿ."

ಡಿಸ್ಕುಗಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದ. ಮನೆಯಲ್ಲಿ ಹೊಸ ಯಂತ್ರದೊಳಕ್ಕೆ ಆರನ್ನೂ ಒಂದೊಂದಾಗಿ ಇಳಿಸಿದ. ಹಳೆಯ ಯಂತ್ರದಲ್ಲಿ ನೆಟ್ಟಗೆ ಓಡುತ್ತಿದ್ದದ್ದು, ಹೊಸದರಲ್ಲಿ ತನ್ನ ಡಿಸ್ಕೇ ಕಾಣುತ್ತಿಲ್ಲ ಎಂದು ಮುಷ್ಕರ ಹೂಡುತ್ತಿತ್ತು. ಹೆಂಡತಿ ಪಕ್ಕದಲ್ಲಿ ಕೂತು ಅವನ ನೋಟ್‌ಬುಕ್ಕಿನಿಂದ ನಂಬರು ಓದಿ ಹೇಳಿದಳು. ಹನ್ನೊಂದನೇ ದಿನ ಆರನೆಯದೂ ದಾರಿಗೆ ಬಂತು. "ಬಾರೇ, ಎದ್ದು ಕೂತಿದೆ ನೋಡು!" ಎಂದು ಅವನು ಅಡುಗೆಮನೆಗೆ ಕೇಳುವಂತೆ ಕೂಗಿದ್ದ.

ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ತಂಗಿ ಹೊಸ ಮನೆಗೆ ಕರೆದಾಗಲೂ, ಅವಳಿಗೆ ಆಪರೇಷನ್ ಆದಾಗಲೂ ಅವನು ಹೋಗಲಿಲ್ಲ. "ನಾನು ಹೋದಾಗ ಕರೆಂಟು ಹೋದ್ರೆ ಇವನ್ನೆಲ್ಲ ಎಬ್ಬಿಸೋರ್ಯಾರು?" ಅನ್ನುತ್ತಿದ್ದ.

*

"ಕೈ ಮುಗೀತೀನಿ ಅಮ್ಮ," ಎನ್ನುತ್ತಲೇ ಮ್ಯಾನೇಜರ್ ಪ್ಲಗ್ಗಿನ ಕಡೆ ಕೈ ಚಾಚಿದ.

ಅವಳು ಅಡ್ಡ ನಿಂತಳು. "ಮುಟ್ಟಿದ್ರೆ ಜೋಕೆ. ಇವರು ಬದುಕಿದ್ದಾಗ ತಂಗಿ ಮುಖ ನೋಡೋಕೆ ಬಿಡ್ಲಿಲ್ಲ ಇದು. ಈಗ ಅವಳು ಬಂದು ನೋಡೋದನ್ನೂ ತಪ್ಪಿಸ್ತೀರಾ? ನಿಮ್ಮ ಆರೂ ಅದರಲ್ಲೇ ಇದಾವೆ. ಎತ್ಕೊಂಡು ಹೋಗಿ."

"ಆಫೀಸಲ್ಲಿ ಜಾಗ ಎಲ್ಲಿದೆಯಮ್ಮ..."

"ನಿಮ್ಮ ದೊಡ್ಡ ಕೋಣೆ ಇದೆಯಲ್ಲ. ಅಲ್ಲಿಡಿ."

ಮಾಲೀಕನಿಗೆ ಫೋನು, ಮತ್ತೊಬ್ಬನಿಗೆ ಫೋನು, ಹೀಗೇ ಗಂಟೆ ನಾಲ್ಕಾಯಿತು. ಕೊನೆಗೆ, ಹೆಣಕ್ಕೆ ಹೆಗಲು ಕೊಡಲೆಂದು ಬಂದಿದ್ದ ಮೂವರೂ ಸೇರಿ ಸರ್ವರ್ ಎತ್ತಿದರು. ಬಾಗಿಲಲ್ಲಿ ನಾದಿನಿ ಎದುರಾದಳು.

"ಸ್ವಲ್ಪ ಸರೀರಮ್ಮ, ಅಲುಗಾಡ್ಬಾರ್ದು!" ಎಂದು ಮ್ಯಾನೇಜರ್ ಗದರಿದ.

ಅವಳು ಬ್ಯಾಗನ್ನು ಎದೆಗವಚಿಕೊಂಡು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು. ಆಮೇಲೆ ಒಳಗೆ ಬಂದು ಪೆಟ್ಟಿಗೆಯ ಗಾಜಿನ ಮೇಲೆ ಕೈಯಿಟ್ಟಳು.

"ಕೊನೆಗೂ ನಾನೇ ಬರ್ಬೇಕಾಯ್ತಲ್ಲೋ ಅಣ್ಣ."

ಹೆಂಡತಿ ಅವಳ ಭುಜ ಹಿಡಿದು ನಿಂತಳು. ಕಿಟಕಿಯಾಚೆ ಮ್ಯಾನೇಜರನ ಕಾರಿನ ಹಿಂದಿನ ಸೀಟು ಕಾಣುತ್ತಿತ್ತು. ಕಂಪನಿಯ ಹೆಸರಿನ ರಿಬ್ಬನ್ ಕಟ್ಟಿದ ದೊಡ್ಡದೊಂದು ಹೂವಿನ ಹಾರ ಅಲ್ಲೇ ಬಿದ್ದಿತ್ತು; ಒಳಗೆ ತರಲು ಯಾರಿಗೂ ನೆನಪಾಗಿರಲಿಲ್ಲ. ಮ್ಯಾನೇಜರ್ ಅದನ್ನು ಎರಡು ಸುತ್ತು ಮಡಚಿ, ಸೀಟಿನ ಮೇಲೆ ಮೆತ್ತೆಯಾಗಿ ಹಾಸಿ, ಸರ್ವರ್ ಅನ್ನು ಅದರ ಮೇಲೆ ಮೆಲ್ಲಗೆ ಕೂರಿಸಿ, ಸೀಟ್ ಬೆಲ್ಟ್ ಬಿಗಿದ.