ಕುಂಡದ ಕೆಳಗೆ ಆಲೂಗಡ್ಡೆ

ನಲವತ್ತನೆಯ ಕುಂಡವನ್ನು ಕಿವಿಯ ಹತ್ತಿರ ಹಿಡಿದು ದೋನ್ಯಾ ಕ್ಲೆಮೆನ್ಸಿಯಾ ಬೆರಳ ಗೆಣ್ಣಿನಿಂದ ತಟ್ಟಿದರು. ಟಣ್ ಎಂದಿತು. ಲಾರಿ ತಂದಿದ್ದ ಎವೆಲಿಯೊ ಬಿಗಿಹಿಡಿದಿದ್ದ ಉಸಿರು ಬಿಟ್ಟ. ಲಾರಿಯ ಮೇಲೆ ಗೋಧಿ ಹುಲ್ಲಿನೊಳಗೆ ಇನ್ನೂ ಇನ್ನೂರ ಅರವತ್ತು ಕುಂಡಗಳಿದ್ದವು.

"ಏನಪ್ಪಾ, ಹೆರಿಗೆ ಕೋಣೆ ಮುಂದೆ ನಿಂತವನ ಹಾಗೆ ನಿಂತಿದೀಯ?" ಎಂದರು ದೋನ್ಯಾ. ಬೊಗೋಟಾ ಊರಾಚೆ ಸಸಿಗಳನ್ನು ಬೆಳೆಸಿ ಮಾರುವವರು ಅವರು. "ಹಿಂದೆ ತಂದ ಡ್ರೈವರುಗಳು ನನಗೆ ಕುಂಡ ಇಳಿಸಲಿಲ್ಲ, ಚೂರು ಇಳಿಸಿದ್ರು. ಅದಕ್ಕೇ ಈ ಷರತ್ತು. ಟಣ್ ಅಂದದ್ದಕ್ಕೆ ಮಾತ್ರ ಬಾಡಿಗೆ."

"ಗೊತ್ತು ಅಮ್ಮಾವ್ರೇ. ನೀವು ತಟ್ಟಿ."

ಇಪ್ಪತ್ತಾರು ವರ್ಷ ಅವನು ಬೆಟ್ಟದ ಊರುಗಳಿಗೆ ಸಿಮೆಂಟ್ ಹೊತ್ತು ಹೋಗಿ ಖಾಲಿ ಲಾರಿ ತಂದಿದ್ದ. ಹೋಗುವಾಗ ಗಳಿಸಿದ್ದನ್ನು ಬರುವಾಗ ಡೀಸೆಲ್ ಕುಡಿಯುತ್ತಿತ್ತು. ಈಗ ಸಾಕಾಗಿ, ಬರುವ ಸೋಮವಾರ ಲಾರಿಯನ್ನು ಸಾಗಣೆ ಕಂಪನಿಯೊಂದಕ್ಕೆ ಮಾರಿ, ಅವರದೇ ಸಂಬಳದ ಡ್ರೈವರಾಗಲು ಒಪ್ಪಿಕೊಂಡಿದ್ದ. ಸ್ವಂತ ಲಾರಿಗೆ ಉಳಿದಿದ್ದದ್ದು ಈ ಒಂದು ಟ್ರಿಪ್ಪು. ಅವನ ದಾರಿಯಲ್ಲೇ ಇದ್ದ ಬೆಟ್ಟದ ಊರು ರಾಕಿರಾದ ಕುಂಬಾರರ ಮಾಲಿಗೆ ಈಗೀಗ ಯಾವ ಡ್ರೈವರೂ ಕೈ ಹಾಕುತ್ತಿರಲಿಲ್ಲ, ಒಡೆಯುತ್ತದೆಂದು.

ದಾರಿ ತೋರಿಸಿದ್ದು ಹೆಂಡತಿ ಎರ್ಮಿಂದಾ. ಅವಳು ಹೊಸದೇನೂ ಹೇಳಿರಲಿಲ್ಲ, ಎಂದಿನಂತೆ ಗೊಣಗಿದ್ದಳು ಅಷ್ಟೆ. "ಸಿಮೆಂಟ್ ತುಂಬಿದಾಗ ಕೂತು ಆರಾಮಾಗಿ ಸ್ವೆಟರ್ ಹೆಣೀತೀನಿ ರೀ. ಖಾಲಿ ಬರುವಾಗ ನಿಮ್ಮ ಲಾರಿ ಕುದುರೆ ಥರ ಕುಣಿಯತ್ತೆ, ಒಂದೊಂದು ಸಾಲಲ್ಲೂ ನಾಕು ಕುಣಿಕೆ ತಪ್ಪತ್ತೆ."

ಅಂದು ಅವನು ಬ್ರೇಕ್ ಒತ್ತಿ ರಸ್ತೆ ಪಕ್ಕ ನಿಂತುಬಿಟ್ಟಿದ್ದ. ಕುಂಡ ಒಡೆಯುವುದೂ ಅದಕ್ಕೇ, ಅದು ಹಗುರ. ಕೆಳಗೆ ಭಾರವಿಲ್ಲದಿದ್ದರೆ ಚಕ್ರದ ಮೇಲಿನ ಉಕ್ಕಿನ ಪಟ್ಟಿಗಳು ಬಗ್ಗುವುದೇ ಇಲ್ಲ, ರಸ್ತೆಯ ಪೆಟ್ಟೆಲ್ಲ ನೇರ ಮಾಲಿಗೇ. ಹಾಗಾದರೆ ಕೆಳಗೆ ಆಲೂಗಡ್ಡೆ ಮೂಟೆ, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಕುಂಡ. ಒಂದೇ ದಾರಿ, ಎರಡು ಬಾಡಿಗೆ.

ಎಲ್ಲ ಸರಿಯಿತ್ತು. ಆದರೆ ಬೆಳಿಗ್ಗೆ ಘಾಟಿ ಇಳಿಯುವಾಗ ಒಂದು ಉಬ್ಬಿನ ಮೇಲೆ ಹಿಂದಿನಿಂದ ಟಪ್ ಎಂದು ಸದ್ದು ಬಂದಿತ್ತು. ಹಗ್ಗ ಬಿಚ್ಚಿ ನೋಡಿದರೆ ಕಟ್ಟು ಸಡಿಲವಾದೀತು. ನೋಡದೆ ನಾಲ್ಕು ಗಂಟೆ ಬಸವನಹುಳುವಿನಂತೆ ಬಂದಿದ್ದ. ಹಿಂದಿನ ಬಸ್ಸುಗಳೆಲ್ಲ ಹಾರ್ನ್ ಹೊಡೆದು ಅವನ ಅಜ್ಜಿಯವರೆಗೂ ಬೈದುಕೊಂಡು ಮುಂದೆ ಹೋಗಿದ್ದವು.

ನೂರಾಯಿತು. ಇನ್ನೂರಾಯಿತು. ಎರ್ಮಿಂದಾ ಹುಲ್ಲು ಸರಿಸಿ ಕೊಡುತ್ತಿದ್ದಳು, ಅವನು ಇಳಿಸುತ್ತಿದ್ದ, ದೋನ್ಯಾ ತಟ್ಟುತ್ತಿದ್ದರು. ಇನ್ನೂರ ಹನ್ನೊಂದನೆಯದು ಟಕ್ ಎಂದಿತು. ಅವನ ಎದೆಯೂ ಹಾಗೇ ಎಂದಿತು. ಇನ್ನು ಸಾಲಾಗಿ ಬರುತ್ತವೆ ಎಂದುಕೊಂಡ. ಮುಂದಿನದು ಟಣ್. ಅದರ ಮುಂದಿನದೂ ಟಣ್.

ಕೊನೆಯದನ್ನು ತಟ್ಟಿ ಕೆಳಗಿಟ್ಟು ದೋನ್ಯಾ ಸೊಂಟ ನೆಟ್ಟಗೆ ಮಾಡಿಕೊಂಡರು. "ಮುನ್ನೂರರಲ್ಲಿ ಒಂದು! ಅದೂ ನಮ್ಮ ಕುಂಬಾರ ಸುಟ್ಟದ್ದರ ತಪ್ಪೇ ಇರಬೇಕು. ಸೋಮವಾರ ಇನ್ನೂ ನಾನೂರು ತರ್ತೀಯೇನಪ್ಪಾ?"

"ಸೋಮವಾರ ನಾನು..." ಎಂದು ಅವನು ತಡವರಿಸಿದ.

"ತರ್ತಾರೆ ಅಮ್ಮಾವ್ರೇ, ನಮ್ಮ ಸ್ವಂತ ಲಾರೀಲೇ," ಎಂದಳು ಎರ್ಮಿಂದಾ, ಲಾರಿಯ ಮೇಲಿಂದಲೇ.

ಅವನು ಚಕ್ರಕ್ಕೆ ಒರಗಿ ನೆಲದ ಮೇಲೇ ಕುಳಿತುಬಿಟ್ಟ. "ಹಾಗಾದ್ರೆ ಘಾಟೀಲಿ ಒಡೆದದ್ದು ಏನೇ?"

"ನಮ್ಮ ಬೆಲ್ಲದ ನೀರಿನ ಮಣ್ಣಿನ ಲೋಟ. ಸೀಟಿನ ಹಿಂದೆ ಇತ್ತು. ಆಗಲೇ ನೋಡ್ದೆ."

"ನಾಲ್ಕು ಗಂಟೆ ಹೊಟ್ಟೇಲಿ ಬೆಂಕಿ ಇಟ್ಕೊಂಡು ಬಂದಿದೀನಿ! ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ಅಷ್ಟು ನಿಧಾನ ಓಡಿಸ್ತಿದ್ರಾ?"

ದೋನ್ಯಾ ಬಿದ್ದು ಬಿದ್ದು ನಕ್ಕರು. ಅವನು ಬೈಯಲು ಬಾಯಿ ತೆರೆದ, ನಗು ಬಂತು.

ಟಕ್ ಎಂದ ಕುಂಡವನ್ನು ದೋನ್ಯಾ ಗಂಡಹೆಂಡಿರಿಗೇ ಕೊಟ್ಟರು. ಆಲೂಗಡ್ಡೆ ಇಳಿಸಲು ಮಂಡಿಯ ಕಡೆ ಹೊರಟಾಗ ಎರ್ಮಿಂದಾ ಅದನ್ನು ಕಾಲ ಬಳಿ ಇಟ್ಟುಕೊಂಡು, ಉಣ್ಣೆಯ ಉಂಡೆಯನ್ನು ಅದರೊಳಗೆ ಹಾಕಿದಳು. ಗೇಟಿನಾಚೆ ರಸ್ತೆಯ ಉಬ್ಬೊಂದನ್ನು ಲಾರಿ ಮೆಲ್ಲನೆ ಹತ್ತಿ ಇಳಿಯಿತು. ಉಂಡೆ ಕುಂಡದೊಳಗೆ ಒಂದು ಸುತ್ತು ಹೊರಳಿ ನಿಂತಿತು. ಅವಳ ಹೆಣಿಗೆಯ ಕಡ್ಡಿಗಳು ನಿಲ್ಲಲಿಲ್ಲ.